ಒಂದು ಕೆಂಪು ಕುರ್ಚಿಗೆ ಆರು ಲಕ್ಷ ಜನ

ಬಳ್ಳಾರಿ ಸೀಮೆಯಲ್ಲಿ, ತೋರಣಗಲ್ಲಿಗೆ ಹತ್ತಿರದ ವಡ್ಡುವಿನಲ್ಲಿ ಯಾವ ಮಾಳಿಗೆ ನೋಡಿದರೂ ಕರಿ ಬಣ್ಣದ ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ, ಆಗ್ನೇಯಕ್ಕೆ ಮುಖ ಮಾಡಿದ ಒಂದು ಡಿಶ್. ಅದಿರು ಲಾರಿಗಳು ಎಬ್ಬಿಸಿದ ಕೆಂಧೂಳು ಎಲ್ಲದರ ಮೇಲೂ ಕೂತಿರುತ್ತದೆ. ಗಾಳಿಗೆ ಡಿಶ್ ಅಲುಗಿತೆಂದರೆ ಮನೆಯ ಹುಡುಗ ಮೇಲೆ ಹತ್ತಿ ಅದನ್ನು ತುಸುತುಸುವೇ ತಿರುಗಿಸುತ್ತ, "ಯವ್ವಾ, ಬಂತೇನು?" ಎಂದು ಕೂಗುತ್ತಾನೆ. "ಬಂತ್ ಬಂತ್, ಅಲ್ಲಿಗೇ ಬಿಡು" ಎಂದು ಒಳಗಿನಿಂದ ಉತ್ತರ ಬರುತ್ತದೆ.

ಏನು ಬಂತು, ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಆ ಡಿಶ್ ನೋಡುತ್ತಿರುವ ಉಪಗ್ರಹ ಸಮಭಾಜಕ ವೃತ್ತದ ನೆತ್ತಿಯಲ್ಲಿ, 35,786 ಕಿಲೋಮೀಟರ್ ಎತ್ತರದಲ್ಲಿದೆ. ಚಿತ್ರ ಅಲ್ಲಿಗೆ ಏರಬೇಕು, ಅಲ್ಲಿಂದ ಇಳಿಯಬೇಕು. ಒಟ್ಟು ಸುಮಾರು 72,000 ಕಿಲೋಮೀಟರ್. ಭೂಮಿಯ ಸುತ್ತಳತೆಯೇ 40,000. ಮನೆಯ ಮೇಲಿರುವುದು ಡಿಟಿಎಚ್ ಡಿಶ್ ಆದರೆ ಈ ಪ್ರಯಾಣ ಎಷ್ಟೋ ಸಲ ಎರಡು ಬಾರಿ ನಡೆಯುತ್ತದೆ. ವಾಹಿನಿಯವರು ಒಂದು ಉಪಗ್ರಹಕ್ಕೆ ಕಳಿಸಿದ್ದನ್ನು ಡಿಟಿಎಚ್ ಕಂಪನಿಯವರು ಇಳಿಸಿಕೊಂಡು ಇನ್ನೊಂದಕ್ಕೆ ಏರಿಸುತ್ತಾರೆ. ಆಗ 1,44,000 ಕಿಲೋಮೀಟರ್, ಅಂದರೆ ಚಂದ್ರನಿಗಿರುವ ದೂರದ ಮೂರನೇ ಒಂದು ಭಾಗಕ್ಕೂ ಮಿಗಿಲು. ಇಷ್ಟಕ್ಕೂ ಬೆಂಗಳೂರಿಗೂ ವಡ್ಡುವಿಗೂ ನಡುವಿನ ರಸ್ತೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಬಸ್ಸಿನಲ್ಲಿ ಒಂದು ರಾತ್ರಿಯ ಹಾದಿ. ಚಿತ್ರ ಮಾತ್ರ ಅಷ್ಟೆಲ್ಲ ಸುತ್ತಿಕೊಂಡು ಮನೆಯೊಳಗೆ ಬಂದು ನಿಲ್ಲುತ್ತದೆ, ಆ ಹಾದಿಗೆ ಹಿಡಿಯುವುದು ಅರ್ಧ ಸೆಕೆಂಡ್ ಅಷ್ಟೇ.

ಹಾಗೆ ಬಂದ ಚಿತ್ರಗಳಲ್ಲಿ ಈ ಭಾಗದವರು ಊಟದ ತಟ್ಟೆ ಹಿಡಿದು ಕೂತು, ಕಣ್ಣೊರೆಸಿಕೊಂಡು ನೋಡಿದ ಒಂದು ಕಾರ್ಯಕ್ರಮವಿದೆ: ಜೀ ಕನ್ನಡದ 'ವೀಕೆಂಡ್ ವಿತ್ ರಮೇಶ್'. ನಟ ರಮೇಶ್ ಅರವಿಂದ್ ನಡೆಸಿಕೊಟ್ಟ ಈ ಮಾತುಕತೆ 2014ರ ಆಗಸ್ಟ್‌ನಲ್ಲಿ ಶುರುವಾಯಿತು. 2023ರವರೆಗೆ ಐದು ಸೀಸನ್. ಮೊದಲು ಕೂತವರು ಪುನೀತ್ ರಾಜ್‌ಕುಮಾರ್, ನೂರನೆಯವರಾಗಿ ಕೂತವರು ಡಿ.ಕೆ. ಶಿವಕುಮಾರ್. ನಡುವೆ ವೀರೇಂದ್ರ ಹೆಗ್ಗಡೆ, ಡಾ. ದೇವಿ ಶೆಟ್ಟಿ, ನಾರಾಯಣ ಮೂರ್ತಿ ಮತ್ತು ಸುಧಾ ಮೂರ್ತಿ, ಡಾ. ಸಿ.ಎನ್. ಮಂಜುನಾಥ್, ಗುರುರಾಜ ಕರಜಗಿ, ದತ್ತಣ್ಣ. ಒಂದು ಕೆಂಪು ಕುರ್ಚಿ, ಎದುರಿಗೊಂದು ದೊಡ್ಡ ಪರದೆ, ಪಕ್ಕದಲ್ಲಿ ನಿಂತ ರಮೇಶ್. ಬಾಗಿಲು ತೆರೆದುಕೊಂಡು ಒಬ್ಬೊಬ್ಬರೇ ಒಳಗೆ ಬರುತ್ತಾರೆ: ಅಕ್ಷರ ಕಲಿಸಿದ ಮೇಷ್ಟ್ರು, ಕಷ್ಟಕಾಲದಲ್ಲಿ ಕೋಣೆ ಹಂಚಿಕೊಂಡ ಗೆಳೆಯ, ಬಾಲ್ಯದ ನೆರೆಮನೆಯವರು.

ಒಂದು ಬದುಕನ್ನು ಒಂದು ರಾತ್ರಿಯಲ್ಲಿ ಹೇಳುವುದೆಂದರೆ ಎಷ್ಟು ಹಿಂಡಬೇಕು? ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತಿಗೆ ಹೋಗಬಹುದು. ಉಳಿಯುವುದು 48 ನಿಮಿಷ. ನಮ್ಮ ಟಿವಿ ಸೆಕೆಂಡಿಗೆ 25 ಫ್ರೇಮ್ ತೋರಿಸುತ್ತದೆ. 48 ನಿಮಿಷಕ್ಕೆ ಸರಿಯಾಗಿ 72,000 ಫ್ರೇಮ್. ಕುರ್ಚಿಯ ಮೇಲಿರುವವರಿಗೆ 72 ವರ್ಷವಾಗಿದ್ದರೆ ವರ್ಷಕ್ಕೆ ಸಾವಿರ ಫ್ರೇಮ್, ಅಂದರೆ ನಲವತ್ತೇ ಸೆಕೆಂಡ್. ಮದುವೆಯಾದ ವರ್ಷಕ್ಕೂ ನಲವತ್ತು ಸೆಕೆಂಡ್, ಅಪ್ಪ ತೀರಿಕೊಂಡ ವರ್ಷಕ್ಕೂ ನಲವತ್ತೇ ಸೆಕೆಂಡ್. ನಟ ದತ್ತಣ್ಣ ಭಾರತೀಯ ವಾಯುಪಡೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದವರು. 2023ರಲ್ಲಿ ಆ ಕುರ್ಚಿಗೆ ಬಂದಾಗ ಅವರ ವಯಸ್ಸು 81ರ ಆಸುಪಾಸು. ಸಮನಾಗಿ ಹಂಚಿದರೆ ಅಷ್ಟೂ ಸೈನಿಕ ಸೇವೆಗೆ ಒಂದು ಗಂಟೆಯ ಕಂತಿನಲ್ಲಿ ಸಿಗುವುದು ಹನ್ನೆರಡು ನಿಮಿಷ. ಕೆಲವು ಅತಿಥಿಗಳಿಗೆ ಶನಿವಾರ, ಭಾನುವಾರ ಎರಡೂ ರಾತ್ರಿ ಸಿಕ್ಕಿದ್ದುಂಟು, ಅವರ ಪಾಲು ದ್ವಿಗುಣ. ಹಾಗಿದ್ದರೂ ಇದು ಕಡಲನ್ನು ಕೊಡದಲ್ಲಿ ತುಂಬುವ ಕೆಲಸವೇ. ಅದನ್ನು ಆ ತಂಡ ನೂರು ಸಲ ಮಾಡಿತು ಎಂಬುದು ನನಗೆ ಈಗಲೂ ಅಚ್ಚರಿ.

ಪುನೀತ್ ಅವರ ಕಂತು ಪ್ರಸಾರವಾದಾಗ ಅವರಿಗೆ 39 ವರ್ಷ. ಆರು ತಿಂಗಳ ಕೂಸಾಗಿಯೇ ಕ್ಯಾಮೆರಾ ಮುಂದೆ ಬಂದವರಾದ್ದರಿಂದ ಬದುಕೂ ಸಿನಿಮಾ ವೃತ್ತಿಯೂ ಹೆಚ್ಚುಕಡಿಮೆ ಒಂದೇ ಉದ್ದ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಅವರು ಹೋದರು. ಅವರನ್ನು ಮನೆಮಗನಂತೆ ಹಚ್ಚಿಕೊಂಡಿದ್ದ ಹೊಸಪೇಟೆಯಲ್ಲಿ 2022ರ ಜೂನ್ 5ರಂದು ಅವರ ಪ್ರತಿಮೆ ಅನಾವರಣವಾದಾಗ ಬೀದಿ ತುಂಬ ಜನ. ಪ್ರತಿಮೆ ಮುಖವನ್ನು ಉಳಿಸಿಕೊಡುತ್ತದೆ. ನಗು, ಮಾತಿನ ಓಟ, ಹಳಬರೊಬ್ಬರು ಎದುರಿಗೆ ಬಂದಾಗ ಕುರ್ಚಿಯಿಂದ ಎದ್ದು ನಿಲ್ಲುವ ಪರಿ, ಇವೆಲ್ಲ ಉಳಿದಿರುವುದು ಅಂಥ ರೆಕಾರ್ಡಿಂಗ್‌ಗಳಲ್ಲಿ. 2014ರಲ್ಲಿ ವಾರಾಂತ್ಯದ ಮನರಂಜನೆಯಾಗಿದ್ದ ಒಂದು ಗಂಟೆಗೆ ಏಳೇ ವರ್ಷದಲ್ಲಿ ಎಂಥ ಬೆಲೆ ಬಂತು!

ಈ ಬಗೆಯ ಕಾರ್ಯಕ್ರಮದ ಬೇರು ಹಳೆಯದು. 'ದಿಸ್ ಈಸ್ ಯುವರ್ ಲೈಫ್' ಎಂಬುದು 1948ರಲ್ಲಿ ಅಮೆರಿಕದ ರೇಡಿಯೋದಲ್ಲಿ ಹುಟ್ಟಿ, 1952ರಲ್ಲಿ ಅಲ್ಲಿನ ಟಿವಿಗೆ ಬಂದು, 1955ರಲ್ಲಿ ಬ್ರಿಟನ್ನಿನ ಬಿಬಿಸಿಗೆ ದಾಟಿತು. ದೊಡ್ಡದೊಂದು ಕೆಂಪು ಪುಸ್ತಕ ಹಿಡಿದ ನಿರೂಪಕ ಸುಳಿವೇ ಕೊಡದೆ ಬಂದು ಅತಿಥಿಯನ್ನು ಹಿಡಿಯುತ್ತಿದ್ದ. ಬ್ರಿಟನ್ನಿನ ಮೊದಲ ಕಂತಿನಲ್ಲಿ ಹಾಗೆ ಸಿಕ್ಕಿಬಿದ್ದವರು ನಿರೂಪಕ ಈಮನ್ ಆಂಡ್ರ್ಯೂಸ್ ಅವರೇ. ವಾಹಿನಿ ಬದಲಾಗುತ್ತ, ನಡುವೆ ನಿಲ್ಲುತ್ತ 2003ರವರೆಗೆ ಸಾವಿರಕ್ಕೂ ಹೆಚ್ಚು ಕಂತು ನಡೆಯಿತು. ಫುಟ್‌ಬಾಲ್ ಆಟಗಾರ ಡ್ಯಾನಿ ಬ್ಲಾಂಚ್‌ಫ್ಲವರ್ 1961ರಲ್ಲಿ ಒಲ್ಲೆನೆಂದು ಹೊರಟೇಹೋದರು. ತನ್ನ ಬದುಕು ತನ್ನದು ಎನ್ನುವ ಆ ಹಕ್ಕನ್ನೂ ನಾನು ಗೌರವಿಸುತ್ತೇನೆ.

ಅದೇ ನಾಡಿನ ಮೈಕೇಲ್ ಪಾರ್ಕಿನ್‌ಸನ್ 1971ರಲ್ಲಿ ತಮ್ಮ ಹೆಸರಿನ ಕಾರ್ಯಕ್ರಮ ಶುರುಮಾಡಿ, ಒಟ್ಟು 2,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಮುಹಮ್ಮದ್ ಅಲಿ ಒಬ್ಬರನ್ನೇ ನಾಲ್ಕು ಸಲ. ಈಗ ಅಲ್ಲಿ ಹೆಸರಾಗಿರುವುದು 2007ರಲ್ಲಿ ಶುರುವಾದ ಗ್ರಹಾಂ ನಾರ್ಟನ್ ಕಾರ್ಯಕ್ರಮ. ಅಲ್ಲೂ ಒಂದು ಕೆಂಪು ಕುರ್ಚಿಯಿದೆ. ಆದರೆ ತಾರೆಯರು ಸೋಫಾದಲ್ಲಿ ಕೂರುತ್ತಾರೆ, ಕೆಂಪು ಕುರ್ಚಿ ಸಾಮಾನ್ಯ ಜನರಿಗೆ. ಅವರು ತಮ್ಮ ಬದುಕಿನ ಒಂದು ಪ್ರಸಂಗ ಹೇಳಬೇಕು, ಹಿಡಿಸದಿದ್ದರೆ ನಾರ್ಟನ್ ಒಂದು ಹಿಡಿಕೆ ಎಳೆಯುತ್ತಾರೆ, ಕುರ್ಚಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ನೋಡುಗರು ನಗುತ್ತಾರೆ. ನನಗೆ ನಮ್ಮ ಕುರ್ಚಿಯೇ ಮೇಲು. ಅದರಲ್ಲಿ ಕೂತವರು ಖ್ಯಾತರೇ ಇರಲಿ, ಆ ಗಂಟೆಯನ್ನು ತುಂಬುವವರು ಖ್ಯಾತಿಯ ಗಾಳಿ ಸೋಕದ ಮೇಷ್ಟ್ರು, ಅಕ್ಕ, ನೆರೆಮನೆಯವರು. ಅವರ ಮಾತನ್ನು ಯಾರೂ ಮಗುಚುವುದಿಲ್ಲ.

ಎರಡು ಜನಗಣತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2011ರಲ್ಲಿ ಬ್ರಿಟನ್ನಿನ ಜನಸಂಖ್ಯೆ 6.32 ಕೋಟಿ, ಅದೇ ವರ್ಷ ಕರ್ನಾಟಕದ್ದು 6.11 ಕೋಟಿ. ಹೆಚ್ಚುಕಡಿಮೆ ಸಮ. ಅಲ್ಲಿ ಪಾರ್ಕಿನ್‌ಸನ್ ಒಬ್ಬರ ಲೆಕ್ಕವೇ ಎರಡು ಸಾವಿರ ದಾಟುತ್ತದೆ, ನಮ್ಮ ಕೆಂಪು ಕುರ್ಚಿಯದು ನೂರು. ಅವರು ಮೊದಲೇ ಹೊರಟವರು ನಿಜ. ಬಿಬಿಸಿ ಟಿವಿ ಶುರುವಾದದ್ದು 1936ರಲ್ಲಿ, ಬೆಂಗಳೂರು ದೂರದರ್ಶನ 1981ರಲ್ಲಿ, ಮೊದಲ ಖಾಸಗಿ ಕನ್ನಡ ವಾಹಿನಿ ಉದಯ ಟಿವಿ 1994ರಲ್ಲಿ. ಆದರೂ 6.11 ಕೋಟಿಗೆ ನೂರು ಕುರ್ಚಿ ಎಂದರೆ 6.11 ಲಕ್ಷ ಜನಕ್ಕೆ ಒಂದು. ಅದೇ ಜನಗಣತಿಯಲ್ಲಿ ಹೊಸಪೇಟೆ ನಗರದ ಜನಸಂಖ್ಯೆ 2.06 ಲಕ್ಷ. ಅಂಥ ಮೂರು ಹೊಸಪೇಟೆ ಸೇರಿದರೆ ಒಬ್ಬರಿಗೆ ಜಾಗ!

ಇನ್ನು, ಯಾವ ಕಾರ್ಯಕ್ರಮ ಉಳಿಯಬೇಕು, ಯಾವುದು ನಿಲ್ಲಬೇಕು ಎನ್ನುವುದಕ್ಕೆ ಟಿಆರ್‌ಪಿ ಲೆಕ್ಕ ಬೇರೆ. ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯ 2020ರ ಅಂದಾಜಿನಂತೆ ದೇಶದಲ್ಲಿ ಟಿವಿ ಇರುವ ಮನೆ 21 ಕೋಟಿ, ನೋಡುಗರು 89.2 ಕೋಟಿ. ಮೀಟರ್ ಇಟ್ಟಿದ್ದ ಮನೆಗಳು ಆಗ ಸುಮಾರು 44,000. ಮುಂದೆ ಅವು 55,000ಕ್ಕೆ ಏರಿದವು. 44,000ದ ಲೆಕ್ಕ ಹಿಡಿದರೆ ಒಂದು ಮೀಟರ್ ಮನೆ 4,700ಕ್ಕೂ ಹೆಚ್ಚು ಮನೆಗಳ, ಅಂದರೆ ಇಪ್ಪತ್ತು ಸಾವಿರ ಜನರ ಪರವಾಗಿ ರಿಮೋಟ್ ಒತ್ತುತ್ತದೆ. ಹೊಸಪೇಟೆಯಷ್ಟು ದೊಡ್ಡ ಊರಿಗೆ ಸರಾಸರಿಯಲ್ಲಿ ಬರುವುದು ಹತ್ತು ಮನೆ. ಆ ಮನೆಗಳು ಯಾವುವೆಂಬುದು ಗುಟ್ಟು. ವಡ್ಡುವಿನ ಯಾವುದಾದರೊಂದು ಬೀದಿಯಲ್ಲಿ ಅಂಥ ಪೆಟ್ಟಿಗೆ ಇದ್ದರೂ ಇರಬಹುದು.

ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲ ಒಂದೇ ಜಿಲ್ಲೆಯಲ್ಲಿದ್ದ 2011ರಲ್ಲಿ ಬಳ್ಳಾರಿಯ ಜನಸಂಖ್ಯೆ 24.5 ಲಕ್ಷ. 6.11 ಲಕ್ಷಕ್ಕೊಂದು ಕುರ್ಚಿ ಎಂಬ ಪ್ರಮಾಣದಲ್ಲಿ ಭಾಗಿಸಿದರೆ ಈ ಸೀಮೆಗೆ ನಾಲ್ಕು ಕುರ್ಚಿ ಬರುತ್ತವೆ. ನನ್ನನ್ನು ಕೇಳಿದರೆ ಒಂದು, ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರದು. ಜೋಗತಿ ಕುಣಿತದ ಈ ಕಲಾವಿದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವ ಮೊದಲು ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಕೆಲವೇ ಸೆಕೆಂಡುಗಳ ದೃಶ್ಯ ಅದು. ಬೀದಿಯಿಂದ ಆ ಭವನದವರೆಗೆ ನಡೆದ ಬದುಕಿಗೆ ಎಷ್ಟು ಗಂಟೆ ಕೊಟ್ಟರೂ ಕಡಿಮೆಯೇ.

ಇನ್ನೊಂದು ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳಿಗೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ಸೇರಿದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಕಸೂತಿ ಹಾಕಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ವಸ್ತುಗಳ ಸಂಖ್ಯೆ ದಾಖಲೆಯಲ್ಲಿದೆ. ಒಂದೊಂದು ಕನ್ನಡಿ ಕೂರಿಸುವಾಗ, ಒಂದೊಂದು ಕವಡೆ ಹೊಲಿಯುವಾಗ ಅವರು ಆಡಿಕೊಂಡ ಮಾತು ಯಾವ ದಾಖಲೆಯಲ್ಲೂ ಇಲ್ಲ.

ಉಳಿದೆರಡು ಕುರ್ಚಿಗೆ ತಡವಾಯಿತು. ಬಳ್ಳಾರಿ ರಂಗಭೂಮಿಯ ಗಟ್ಟಿ ದನಿ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೋದರು. ತೊಗಲುಗೊಂಬೆಗಳಿಗೆ ಜೀವ ಕೊಟ್ಟ ಬೆಳಗಲ್ಲು ವೀರಣ್ಣ 2023ರ ಏಪ್ರಿಲ್‌ನಲ್ಲಿ ಹೋದರು. ಅದೇ ಹೊತ್ತಿಗೆ ಐದನೇ ಸೀಸನ್ ಪ್ರಸಾರವಾಗುತ್ತಿತ್ತು.

ಒಂದು ವಾಹಿನಿ, ಒಬ್ಬ ನಿರೂಪಕ, ವಾರಕ್ಕೆ ಎರಡು ರಾತ್ರಿ. ಅವರಿಂದ ಎಷ್ಟಾದೀತೋ ಅಷ್ಟಾಗಿದೆ, ಅವರಿಗೆ ನನ್ನ ನಮಸ್ಕಾರ. ಉಳಿದ ಕೆಲಸ ನಮ್ಮದು. ಅದಕ್ಕೆ ಬೇಕಾದ ಸಾಮಾನು ಎಷ್ಟು ಅಗ್ಗವಾಗಿದೆ ಗೊತ್ತೆ? ಬರೀ ಮಾತನ್ನು ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 29 ಎಂಬಿ ಸಾಕು. ಉಗುರಿನಷ್ಟು ಅಗಲದ 64 ಜಿಬಿ ಮೆಮೊರಿ ಕಾರ್ಡ್‌ನಲ್ಲಿ 2,200 ಗಂಟೆ ಹಿಡಿಸುತ್ತದೆ. ತಲೆಗೊಂದು ಗಂಟೆಯಂತೆ 2,200 ಜನ! ಪಾರ್ಕಿನ್‌ಸನ್ ಇಡೀ ಬದುಕಿನಲ್ಲಿ ಮಾತಾಡಿಸಿದಷ್ಟು ಜನರ ದನಿ ಒಂದು ಅಂಗಿ ಜೇಬಿನಲ್ಲಿ.

ಹೊತ್ತು ಮಾತ್ರ ಅಗ್ಗವಲ್ಲ. ತುಂಗಭದ್ರಾ ಅಣೆಕಟ್ಟೆ ಕೆಲಸ ನಡೆದದ್ದು 1945ರಿಂದ 1953ರವರೆಗೆ. ಅದು ಮುಗಿದ ವರ್ಷ ಹದಿನೈದರ ಹರೆಯದಲ್ಲಿದ್ದವರು ಈಗ 85 ದಾಟಿದ್ದಾರೆ. ಕಲ್ಲು ಹೊತ್ತವರು, ಮುಳುಗಿದ ಊರು ಬಿಟ್ಟು ಬಂದವರು, 1973ರ ಸಂಡೂರು ಭೂಹೋರಾಟದಲ್ಲಿ ಜೈಲು ಕಂಡವರು, ಅಣೆಕಟ್ಟೆಯ ಕಾಲುವೆ ನೀರು ಮೊದಲ ಸಲ ಹೊಲಕ್ಕೆ ಬಂದದ್ದನ್ನು ನೋಡಿದವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅಂಥವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಈ ಭಾನುವಾರವೇ ಹತ್ತಿರ ಕೂತುಕೊಳ್ಳಿ. ಟಿವಿ ಆರಿಸಿ, ಫೋನಿನ ರೆಕಾರ್ಡರ್ ಒತ್ತಿ. ಮೊದಲು ಅವರ ಹೆಸರು, ಹುಟ್ಟಿದ ಊರು, ಅವತ್ತಿನ ತಾರೀಖು ಹೇಳಿಸಿ. ಆಮೇಲೆ ಅಡ್ಡ ಬಾಯಿ ಹಾಕದೆ ಕೇಳಿ, ಅಳು ಬಂದರೆ ಸುಮ್ಮನಿರಿ. ಮುಗಿದ ಮೇಲೆ ಎರಡು ಕಡೆ ಕಾಪಿ ಮಾಡಿಡಿ, ಒಂದು ಮನೆಯಲ್ಲಿ, ಇನ್ನೊಂದು ದೂರದ ಊರಲ್ಲಿರುವ ಮಗನ ಹತ್ತಿರವೋ ಮಗಳ ಹತ್ತಿರವೋ.