ಪುಸ್ತಕವೋ, ಕಂಬಳಿಯೋ?

ರಜೆಯ ಮಧ್ಯಾಹ್ನ ಮನೆಯಲ್ಲಿ ಹಳೆಯ ಸಿನಿಮಾ ನೋಡುವುದು ನನ್ನ ಚಟ. ಮೊನ್ನೆ ಮಗಳೊಂದಿಗೆ ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ‘ಬೆಟ್ಟದ ಹೂವು’ (1985) ನೋಡಿದೆ.

ಬಡ ಹುಡುಗ ರಾಮುವಿಗೆ ಓದುವ ಹುಚ್ಚು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆ. ಬೆಟ್ಟ ಅಲೆದು, ವಿದೇಶಿ ಮಹಿಳೆಯೊಬ್ಬರಿಗೆ ಆರ್ಕಿಡ್ ತಂದುಕೊಟ್ಟು ಕಾಸು ಕೂಡಿಡುತ್ತಾನೆ. ಕೊನೆಗೆ ಆ ಹಣದಲ್ಲಿ ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ರಾಮುವಾಗಿ ನಟಿಸಿದ ಪುನೀತ್ ರಾಜ್‌ಕುಮಾರ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಅಳು ತರಿಸಲು ಹೆಣಗದ ಸಹಜ ಅಭಿನಯ ಅದು.

ಮೇಷ್ಟರ ಬುದ್ಧಿ ಬಿಡಬೇಕಲ್ಲ! ಚಿತ್ರ ನಿಲ್ಲಿಸಿ, ‘ಆರ್ಕಿಡ್ ಮರದ ಮೇಲೆ ಬೆಳೆದರೂ ಮರದ ಸತ್ವ ಹೀರುವುದಿಲ್ಲ. ಬೇರುಗಳಿಂದ ಮಳೆನೀರು, ಗಾಳಿಯ ತೇವ ಹಿಡಿದು ಬದುಕುತ್ತದೆ’ ಎಂದೆ.

ಮಗಳ ಪ್ರಶ್ನೆಯೇ ಬೇರೆ: ‘ಅಪ್ಪಾ, ಅವನಿಗೆ ಪುಸ್ತಕ ಯಾರೂ ಯಾಕೆ ಕೊಡಿಸಲಿಲ್ಲ?’

ನನಗೆ ಉತ್ತರ ಹೊಳೆಯಲಿಲ್ಲ. ಬಹಳ ಹಿಂದೆ, ನೋಟ್‌ಬುಕ್ ತರದ ಹುಡುಗನೊಬ್ಬನನ್ನು ತರಗತಿಯ ಹೊರಗೆ ನಿಲ್ಲಿಸಿದ್ದೆ. ಏಕೆ ತಂದಿಲ್ಲವೆಂದು ಕೇಳಿರಲಿಲ್ಲ.

ಪೋಷಕರೇ, ಈ ಚಿತ್ರವನ್ನು ಮಕ್ಕಳೊಂದಿಗೆ ಕುಳಿತು ನೋಡಿ. ನನ್ನ ಹಾಗೆ ನಡುವೆ ಪಾಠ ಮಾಡಬೇಡಿ. ಮುಗಿದ ಮೇಲೆ ಅವರು ಕೇಳುವುದನ್ನು ಕೇಳಿಸಿಕೊಳ್ಳಿ.