ಶಾಸನವೂ ಸ್ವ-ಅಧ್ಯಯನ ವರದಿಯೂ: ನಾಲ್ಕು ತಾಲ್ಲೂಕುಗಳ ಕಾಲೇಜುಗಳನ್ನು ಕುರಿತು

ಉನ್ನತ ಶಿಕ್ಷಣ ಸಂಸ್ಥೆಗಳ ಗುಣವನ್ನು ಅಳೆದು ಮಾನ್ಯತೆ ಕೊಡುವ ಕ್ರಮವು ನಮ್ಮ ದೇಶದಲ್ಲಿ ಈಚಿನದು. ವಿಶ್ವವಿದ್ಯಾಲಯ ಅನುದಾನ ಆಯೋಗವು 1994ರಲ್ಲಿ ಸ್ಥಾಪಿಸಿದ, ಬೆಂಗಳೂರಿನಲ್ಲಿ ನೆಲೆಸಿರುವ 'ನ್ಯಾಕ್' ಮಂಡಳಿಯು ಈ ಕಾರ್ಯವನ್ನು ನಡೆಸುತ್ತ ಬಂದಿದೆ. ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಾಲೇಜುಗಳಿಂದ ಅದು ಏನನ್ನು ಕೇಳುತ್ತದೆ, ಅದಕ್ಕೆ ಉತ್ತರವನ್ನು ಎಲ್ಲಿಂದ ತರಬೇಕು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಈ ನೆಲಕ್ಕೆ ಉನ್ನತ ವಿದ್ಯೆ ಹೊಸದಲ್ಲ. ಇಂದು ಶಿಗ್ಗಾವಿ ತಾಲ್ಲೂಕಿಗೆ ಸೇರಿರುವ ಬಂಕಾಪುರದಲ್ಲಿ ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ 898ರಲ್ಲಿ ಪೂಜೆ ನಡೆಯಿತು. ರನ್ನನಿಗೂ ಚಾವುಂಡರಾಯನಿಗೂ ಗುರುವಾದ ಅಜಿತಸೇನಾಚಾರ್ಯರ ಹೆಸರು ಆ ಊರಿನೊಡನೆ ಕೂಡಿಕೊಂಡಿದೆ. ಹಿರೇಕೆರೂರಿನ ಎಲ್ಲೆಗೆ ತಗುಲಿದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠವಿತ್ತು. ಅದನ್ನು ಕುರಿತ 1162ರ ಶಾಸನವು ಅಲ್ಲಿ ನಾಲ್ಕು ವೇದಗಳೂ ಹಲವು ವ್ಯಾಕರಣಗಳೂ ದರ್ಶನಗಳೂ ಕಾವ್ಯನಾಟಕಗಳೂ ನಡೆಯುತ್ತಿದ್ದುವೆಂದು ಹೇಳಿ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ಎಣಿಸುತ್ತದೆ.

ಇತಿಹಾಸದ ವಿದ್ಯಾರ್ಥಿಯು ಇಂಥ ಬರೆಹಗಳಲ್ಲಿ ಎರಡು ಭಾಗಗಳನ್ನು ಬೇರ್ಪಡಿಸಿ ಓದುತ್ತಾನೆ. ಒಂದು ಪ್ರಶಸ್ತಿ, ಇನ್ನೊಂದು ದತ್ತಿ. ಮೊದಲನೆಯದರಲ್ಲಿ ಆಚಾರ್ಯನು ಸಕಲ ವಿದ್ಯಾವಿಶಾರದ. ಎರಡನೆಯದರಲ್ಲಿ ಇಷ್ಟು ಭೂಮಿ, ಇಂಥ ಎಲ್ಲೆ, ಇಂಥ ಕಾರ್ಯಕ್ಕೆ. ನಾವು ಹೆಚ್ಚಾಗಿ ನೆಚ್ಚುವುದು ಎರಡನೆಯದನ್ನು. ಕಾಲೇಜು ತನ್ನನ್ನು ಕುರಿತು ತಾನೇ ಬರೆದು ಮಂಡಳಿಗೆ ಒಪ್ಪಿಸುವ ಸ್ವ-ಅಧ್ಯಯನ ವರದಿಯನ್ನೂ ಹೀಗೆಯೇ ನೋಡಬೇಕೆಂದು ನಮ್ಮ ಅಭಿಪ್ರಾಯ. 2017ರ ಪರಿಷ್ಕೃತ ಕ್ರಮವೂ ಇದೇ ವಿವೇಕವನ್ನು ಅಂಗೀಕರಿಸಿತು. ಅಂಕದ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಸಂಖ್ಯೆಗಳಿಂದ, ಮೂವತ್ತು ಪಾಲು ಸಂದರ್ಶಕ ತಂಡದ ತೀರ್ಮಾನದಿಂದ ಬರುವಂತೆ ಅದು ವಿಧಿಸಿತು. ಸಂಖ್ಯೆಗಳನ್ನು ದಾಖಲೆಯೊಡನೆ ತಾಳೆ ನೋಡುವ ಏರ್ಪಾಡನ್ನೂ ಮಾಡಿತು. (ದತ್ತಿಯನ್ನು ಕೆಡಿಸಿದವರಿಗೆ ಶಾಪ ಹಾಕುವ ಪದ್ಧತಿ ಮಾತ್ರ ವರದಿಗಳಲ್ಲಿ ಉಳಿದಿಲ್ಲ.)

ಆ ಕ್ರಮದಲ್ಲಿ ಮಾನದಂಡಗಳು ಏಳು, ಒಟ್ಟು ಅಂಕ 1000. ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜಿಗೆ ಬೋಧನೆ, ಕಲಿಕೆ, ಮೌಲ್ಯಮಾಪನಗಳ ಒಂದೇ ಮಾನದಂಡಕ್ಕೆ 350 ಅಂಕಗಳಿದ್ದರೆ ಕಟ್ಟಡ, ಗ್ರಂಥಾಲಯ ಮೊದಲಾದ ಸೌಕರ್ಯಗಳಿಗೆ ಇರುವುದು 100. ತಂಡ ಬರುವ ಸುದ್ದಿ ತಿಳಿದೊಡನೆ ಗೋಡೆಗೆ ಸುಣ್ಣ ಹಚ್ಚಿಸುವ, ಹೂಕುಂಡಗಳನ್ನು ಸಾಲುಗೂಡಿಸುವ ಸಂಭ್ರಮವನ್ನು ಕಂಡವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಆದರೆ 350ರ ಒಳಗೂ ಎಲ್ಲವೂ ಕಾಲೇಜಿನ ಕೈಯಲ್ಲಿಲ್ಲ. ಮಂಜೂರಾದ ಹುದ್ದೆಗಳಲ್ಲಿ ಎಷ್ಟಕ್ಕೆ ಪೂರ್ಣಾವಧಿ ಅಧ್ಯಾಪಕರಿದ್ದಾರೆಂದು ಅಲ್ಲಿ ಕೇಳಲಾಗುತ್ತದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಹುದ್ದೆ ತುಂಬುವ ಅಧಿಕಾರ ಪ್ರಾಂಶುಪಾಲರದಲ್ಲ; ಖಾಲಿ ಹುದ್ದೆಯ ಪಾಠವನ್ನು ಅತಿಥಿ ಉಪನ್ಯಾಸಕರು ಹೊತ್ತುಕೊಂಡರೂ ಆ ಲೆಕ್ಕದಲ್ಲಿ ಅವರ ದುಡಿಮೆ ಕಾಣಿಸುವುದಿಲ್ಲ. ಪಠ್ಯಕ್ರಮವೂ ವಿಶ್ವವಿದ್ಯಾಲಯದಿಂದ ಬರತಕ್ಕದ್ದು. ಇದು ಅನ್ಯಾಯವೆಂದೇ ನಾವು ಭಾವಿಸುತ್ತೇವೆ. ಅದನ್ನು ವರದಿಯಲ್ಲಿ ಮರೆಮಾಚದೆ, ಯಾವ ವಿಷಯಕ್ಕೆ ಎಷ್ಟು ತಿಂಗಳು ಪೂರ್ಣಾವಧಿ ಅಧ್ಯಾಪಕರಿರಲಿಲ್ಲ ಎಂಬುದನ್ನು ಬರೆದಿಡುವುದು ಮೇಲು. ಸುಧಾರಣೆಯ ಯೋಜನೆಗೆ ಮೊದಲು ಬೇಕಾದದ್ದು ಕೊರತೆಯ ಲೆಕ್ಕ.

ಕಾಲೇಜಿನ ಕೈಯಲ್ಲಿರುವುದು ವಿದ್ಯಾರ್ಥಿಯ ಪ್ರಗತಿಯ ದಾಖಲೆ. ಇದಕ್ಕೆ ನಮ್ಮ ಜಿಲ್ಲೆಯಲ್ಲಿ ವಿಶೇಷವಾದ ತೊಡಕೊಂದು ಹುಟ್ಟಿದೆ. 1949ರಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಈ ಭಾಗಕ್ಕೆ 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಬಂದಿತು. 2025ರಲ್ಲಿ ಆ ವರ್ಗದ ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೆ ಎಂಬ ಪ್ರಶ್ನೆ ಮಂತ್ರಿಮಂಡಲದ ಉಪಸಮಿತಿಯ ಮುಂದೆ ಬಂದಿತು. ಹಿಂದಿನ ತಂಡಗಳ ಫಲಿತಾಂಶ ಧಾರವಾಡದ ಕಡತದಲ್ಲಿ, ಅನಂತರದವು ಹಾವೇರಿಯ ಕಡತದಲ್ಲಿ ಎಂದಾದರೆ ಐದು ವರ್ಷಗಳ ಅಖಂಡ ಲೆಕ್ಕ ಉಳಿಯಬೇಕಾದದ್ದು ಕಾಲೇಜಿನಲ್ಲಿಯೇ. ಶ್ರೇಣಿಗಳ ಬದಲು ಮಾನ್ಯತೆ ಉಂಟು, ಇಲ್ಲ ಎಂಬ ಎರಡೇ ಬಗೆಯ ನಿರ್ಣಯಕ್ಕೆ ಹೊರಳುವುದಾಗಿ ಮಂಡಳಿಯು 2024ರಲ್ಲಿ ಪ್ರಕಟಿಸಿದೆ. ಆಗಲೂ ಈ ಲೆಕ್ಕದ ಅಗತ್ಯ ತಪ್ಪದು.

ಆದುದರಿಂದ ಪ್ರವೇಶದ ದಿನವೇ ತೆರೆಯುವ ಒಂದು ವಹಿಯನ್ನು ನಾವು ಸೂಚಿಸುತ್ತೇವೆ. ವಿದ್ಯಾರ್ಥಿಯ ಊರು, ಪಿ.ಯು.ಸಿ. ಅಂಕ, ಮನೆಯಲ್ಲಿ ಪದವಿಗೆ ಬಂದವರಲ್ಲಿ ಮೊದಲಿಗನೋ ಅಲ್ಲವೋ, ಬಸ್ಸಿನ ಸಮಯದಿಂದ ಮೊದಲ ಪಾಠ ತಪ್ಪುತ್ತದೆಯೋ, ಪ್ರತಿ ಸೆಮಿಸ್ಟರಿನ ಫಲಿತಾಂಶ, ಬಿಟ್ಟುಹೋದರೆ ಅದಕ್ಕೆ ಕಾರಣ: ಇಷ್ಟು ಕಲಮುಗಳು ಸಾಕು. ವಹಿಯ ಹೊಣೆ ಒಬ್ಬ ಅಧ್ಯಾಪಕರದಾಗಿರಲಿ. ಅವರು ವರ್ಗವಾಗುವಾಗ ಮುಂದಿನವರ ಸಹಿ ಪಡೆದು ಒಪ್ಪಿಸಿಹೋಗಲಿ.