ಉತ್ತರ ಕೊರಿಯಾ: ನಿರ್ಬಂಧ ಹಾಗೇ ಇದೆ, ಕಾಯೋರು ಎಲ್ಲಿ?

ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿದಾಗಲೆಲ್ಲ ನೀವು ಕಳಿಸೋ ಪ್ರಶ್ನೆ ಒಂದೇ: ಇಷ್ಟೊಂದು ನಿರ್ಬಂಧ ಹಾಕಿದ್ದಾರಂತಲ್ಲ, ಆದ್ರೂ ಇವರಿಗೆ ದುಡ್ಡು ಎಲ್ಲಿಂದ ಬರುತ್ತೆ? ಇವತ್ತು ಅದನ್ನೇ ನೋಡೋಣ.

2003ರಲ್ಲಿ ಈ ದೇಶ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರಗೆ ಬಂತು. 2006ರಲ್ಲಿ ಮೊದಲ ಪರಮಾಣು ಪರೀಕ್ಷೆ, 2017ರ ಹೊತ್ತಿಗೆ ಒಟ್ಟು ಆರು. ಒಂದೊಂದು ಪರೀಕ್ಷೆಗೂ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧ ಬಿಗಿ ಮಾಡ್ತಾ ಹೋಯ್ತು. ಆಗ ಚೀನಾ, ರಷ್ಯಾ ಕೂಡ ಪರವಾಗಿಯೇ ಮತ ಹಾಕಿದ್ವು, ಇದು ನೆನಪಿರಲಿ. ಕಲ್ಲಿದ್ದಲು, ಬಟ್ಟೆ, ಮೀನು ರಫ್ತು ಬಂದ್. ಸಂಸ್ಕರಿಸಿದ ತೈಲ ವರ್ಷಕ್ಕೆ 5 ಲಕ್ಷ ಬ್ಯಾರೆಲ್ ಮಾತ್ರ. ಭಾರತವೂ 2017ರಲ್ಲಿ ಆಹಾರ, ಔಷಧ ಬಿಟ್ಟು ಹೆಚ್ಚಿನ ವ್ಯಾಪಾರ ನಿಲ್ಲಿಸಿತು, ಆದರೆ ರಾಜತಾಂತ್ರಿಕ ಸಂಬಂಧ ಕಡಿದುಕೊಳ್ಳಲಿಲ್ಲ.

ಇದೆಲ್ಲ ಕಾಗದದ ಮೇಲೆ. ನಡುಸಮುದ್ರದಲ್ಲಿ ಹಡಗು ತಾನೆಲ್ಲಿದೆ ಅಂತ ತಿಳಿಸೋ ಸಾಧನವನ್ನು ಆಫ್ ಮಾಡಿ, ಇನ್ನೊಂದು ಹಡಗಿನಿಂದ ತೈಲ ತುಂಬಿಸಿಕೊಂಡರೆ ಯಾರು ನೋಡ್ತಾರೆ? ಅದಕ್ಕೇ 2009ರಲ್ಲಿ ಒಂದು ತಜ್ಞರ ಸಮಿತಿ ಮಾಡಿದ್ರು. ಕೆಲವೇ ಜನ. ಉಪಗ್ರಹ ಚಿತ್ರ, ಬ್ಯಾಂಕ್ ದಾಖಲೆ ಜಾಲಾಡಿ, ಯಾವ ಹಡಗು, ಯಾವ ಕಂಪನಿ ಅಂತ ಹೆಸರು ಸಮೇತ ವರದಿ ಬರೀತಿದ್ರು. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ನಿಜವಾಗಿ ಕೆಲಸ ಮಾಡ್ತಿದ್ದ ಭಾಗ ಇದು.

2024ರ ಮಾರ್ಚ್ 28ರಂದು ಈ ಸಮಿತಿಯ ಅವಧಿ ವಿಸ್ತರಣೆಗೆ ಮತದಾನ ನಡೀತು. 13 ದೇಶಗಳು ಪರ, ಚೀನಾ ತಟಸ್ಥ, ರಷ್ಯಾ ವೀಟೋ. ಅಷ್ಟೇ, ಏಪ್ರಿಲ್ ಕೊನೆಗೆ ಸಮಿತಿ ಮುಚ್ಚಿತು. ಉಕ್ರೇನ್ ಯುದ್ಧಕ್ಕೆ ಉತ್ತರ ಕೊರಿಯಾದ ಶಸ್ತ್ರಾಸ್ತ್ರ ರಷ್ಯಾಕ್ಕೆ ಹೋಗ್ತಿದೆ ಅನ್ನೋ ವರದಿಗಳನ್ನು ಇದೇ ಸಮಿತಿ ಪರಿಶೀಲಿಸ್ತಿತ್ತು. ಗಮನಿಸಿ, ನಿರ್ಬಂಧ ಯಾವುದೂ ರದ್ದಾಗಿಲ್ಲ. ಹೋಗಿದ್ದು ಕಣ್ಣು ಮಾತ್ರ. ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸೇರಿ 11 ದೇಶಗಳು ಬದಲಿ ತಂಡ ಕಟ್ಟಿಕೊಂಡಿವೆ, ಆದರೆ ಅದಕ್ಕೆ ವಿಶ್ವಸಂಸ್ಥೆಯ ಮುದ್ರೆ ಇಲ್ಲ.

ಇನ್ನು ದುಡ್ಡಿನ ವಿಷಯ. ಈಗ ಹಡಗೂ ಬೇಕಿಲ್ಲ. 2025ರ ಫೆಬ್ರವರಿಯಲ್ಲಿ ಬೈಬಿಟ್ ಅನ್ನೋ ಕ್ರಿಪ್ಟೋ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಕಳವಾಯ್ತು. ಇದು ಉತ್ತರ ಕೊರಿಯಾದ ಹ್ಯಾಕರ್‌ಗಳದ್ದೇ ಕೆಲಸ ಅಂತ ಅಮೆರಿಕದ ಎಫ್‌ಬಿಐ ಹೇಳಿದೆ. ಸುಳ್ಳು ಹೆಸರಲ್ಲಿ ವಿದೇಶಿ ಕಂಪನಿಗಳ ವರ್ಕ್ ಫ್ರಮ್ ಹೋಮ್ ಕೆಲಸ ಹಿಡಿದು ಸಂಬಳ ಪಡೆಯೋರೂ ಇದ್ದಾರೆ.

ಹಾಗಾದ್ರೆ ನಿರ್ಬಂಧದ ಬಿಸಿ ಯಾರಿಗೆ ತಟ್ಟುತ್ತೆ? ಯಂತ್ರ, ಲೋಹದ ವಸ್ತುಗಳನ್ನು ಆ ದೇಶಕ್ಕೆ ಕಳಿಸೋ ಹಾಗಿಲ್ಲ. ಹಾಗಾಗಿ ಆಸ್ಪತ್ರೆ ಉಪಕರಣ, ಕುಡಿಯೋ ನೀರಿನ ಪಂಪ್ ಕಳಿಸಬೇಕಾದರೂ ನೆರವು ಸಂಸ್ಥೆಗಳು ಮೊದಲು ನ್ಯೂಯಾರ್ಕ್‌ನ ನಿರ್ಬಂಧ ಸಮಿತಿಗೆ ಪಟ್ಟಿ ಸಮೇತ ಅರ್ಜಿ ಹಾಕಿ, ವಿನಾಯಿತಿಗೆ ಕಾಯಬೇಕು. ಆ ಸಮಿತಿ ಮಾತ್ರ ಇನ್ನೂ ಇದೆ.